ಗಿರಣಿಯಲ್ಲಿ ಕೇಳಿದ ಹೆಸರು

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಸೇವೆಯ ಬಹುಪಾಲು ಅಸುಂಡಿ, ಕುರ್ತಕೋಟಿಗಳಲ್ಲಿ ಕಳೆಯಿತು. ಹುಣಸೆ ಮರದ ಕೆಳಗೆ ಹೋಗಲು ಹೆದರುತ್ತಿದ್ದ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ, ಅದೇ ನೆರಳಲ್ಲಿ ಕೂಡಿಸಿ ಮಗ್ಗಿ ಹೇಳಿಸಿದವಳು. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ. ನಿಮಗೆ ಇದರ ಅರ್ಥ ಹೊಳೆದರೆ ಒಳ್ಳೆಯದು, ನನಗಂತೂ ಇಷ್ಟು ವರ್ಷವಾದರೂ ಹೊಳೆದಿಲ್ಲ.

ಮೊದಲು ನಮ್ಮ ಅತ್ತೆಯ ಒಂದು ಕಟ್ಟಳೆಯ ಬಗ್ಗೆ ಹೇಳಬೇಕು. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಒಂದೇ ಸಲ ಕರೆದರೆ ಓ ಅನ್ನಬಾರದು. ಮನುಷ್ಯರಾದರೆ ಮತ್ತೊಮ್ಮೆ ಕರೆಯುತ್ತಾರೆ, ಅದಾದರೆ ಒಂದೇ ಸಲ ಕರೆಯುತ್ತದೆ. ಅದೂ ಗುರುತಿನವರ ದನಿಯಲ್ಲಿ. ಓ ಅಂದೆವೋ, ಕರೆದುಕೊಂಡು ಹೋಗುತ್ತದೆ. ‘ಅದು ಅಂದರೆ ಯಾವುದು’ ಎಂದು ನಾನು ಕೇಳಿದರೆ, ‘ಅದು ಅಂದ್ರ ಅದು’ ಎನ್ನುತ್ತಿದ್ದರು. ಬೆಟಗೇರಿಯ ನಮ್ಮ ಮನೆಯಲ್ಲಿ ಈ ಕಟ್ಟಳೆಯಿಂದ ಆದ ಫಜೀತಿ ಒಂದೆರಡಲ್ಲ. ನನ್ನ ತಮ್ಮ ಒಮ್ಮೆ ಲಕ್ಷ್ಮೇಶ್ವರದಿಂದ ಬಂದು, ಬಾಗಿಲಲ್ಲಿ ನಿಂತು ಒಂದೇ ಸಲ ಕರೆದು, ಉತ್ತರ ಬಾರದ್ದಕ್ಕೆ ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ವಾಪಸು ಬಸ್ಸು ಹತ್ತಿದ್ದ. ಅತ್ತೆ ಒಳಗೆ ಕುಳಿತು ಎರಡನೆಯ ಕೂಗಿಗೆ ಕಾಯುತ್ತಿದ್ದರು. ಅದನ್ನು ಹೇಳಿ ಹೇಳಿ ನಾನು ಅವರನ್ನು ಕಾಡಿಸುತ್ತಿದ್ದೆ.

ಇನ್ನೊಂದು ಕಟ್ಟಳೆ ಇತ್ತು, ಅದನ್ನು ಮಾತ್ರ ನಾನೂ ಪಾಲಿಸುತ್ತಿದ್ದೆ. ಗಂಡನ ಹೆಸರು ಹೆಂಡತಿ ಹೇಳುವಂತಿಲ್ಲ. ಹೆಂಡತಿಯ ಹೆಸರು ಹಿಡಿದು ಕರೆಯುವುದು ಗಂಡನಿಗೂ ನಾಚಿಕೆಯ ವಿಷಯ. ನಮ್ಮ ಮನೆಯವರು ನನ್ನನ್ನು ಕರೆಯುತ್ತಿದ್ದುದು ‘ಏ’ ಎಂದು. ಬಹಳವಾದರೆ ‘ಏ, ಕೇಳಿಲ್ಲಿ’. ಶಿಕ್ಷಕಿಯಾದ್ದರಿಂದ ಊರಿಗೆಲ್ಲ ನಾನು ಅಕ್ಕೋರು. ತವರಿನವರಿಗೆ ಶಾರಿ. ಶಾರದಾ ಎಂಬ ನನ್ನ ಪೂರ್ತಿ ಹೆಸರು ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ.

ಅವರ ಬಾಯಲ್ಲಿ ಅದನ್ನು ನಾನು ಕೇಳಿದ್ದು ಒಂದೇ ಸಲ, ನಮ್ಮ ಮದುವೆಯಲ್ಲಿ, ಒಡಪು ಹೇಳುವಾಗ. ನಮ್ಮ ಕಡೆ ಮದುವೆಯಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಪದ ಕಟ್ಟಿ ಹೇಳಬೇಕು, ಹೇಳುವತನಕ ಹೆಂಗಸರು ಬಾಗಿಲು ಬಿಡುವುದಿಲ್ಲ. ಇವರು ಆಗ ಬಾಡಿಗೆ ಟೆಂಪೋ ಹೊಡೆಯುತ್ತಿದ್ದರು. ಎದೆ ಸೆಟೆಸಿ, ‘ಗದಗಿನ ಸ್ಟ್ಯಾಂಡಿನ್ಯಾಗ ಗಾಡಿ ತುಂಬಿದ್ರ ಚಂದ, ಶಾರದಾ ಮನಿಗೆ ಬಂದ್ಲು ನನ್ನ ಪುಣ್ಯೇದಿಂದ’ ಎಂದರು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನನ್ನ ಸರದಿ ಬಂದಾಗ ನಾನು ಹೇಳಿದ ಹೆಸರು ಪಕ್ಕದಲ್ಲಿದ್ದ ಅವರಿಗೊಬ್ಬರಿಗೇ ಕೇಳಿಸಿತು. ಆಮೇಲೆ ಎಲ್ಲಾದರೂ ಗಂಡನ ಹೆಸರು ಕೇಳಿದರೆ ಬರೆದುಕೊಡುತ್ತಿದ್ದೆ. ಜೊತೆಗೆ ಅವರೇ ಇದ್ದರೆ ಇನ್ನೂ ಸಲೀಸು. ಹುಡುಗರಾಗಿದ್ದಾಗ ಮುಂಗೈ ಮೇಲೆ ಹಸಿರು ಹಚ್ಚೆಯಲ್ಲಿ ಹೆಸರು ಬರೆಸಿಕೊಂಡಿದ್ದರು, ಅದನ್ನು ಎತ್ತಿ ತೋರಿಸುತ್ತಿದ್ದೆ. ಇಲ್ಲಿಯೂ ಆ ಹೆಸರನ್ನು ಬರೆಯುವುದಿಲ್ಲ, ಕ್ಷಮಿಸಿ.

ಗದಗ ಜಿಲ್ಲೆಯಾದ ಮೇಲೆ ಅವರ ದೆಸೆ ತಿರುಗಿತು. ಮೊದಲು ಸಣ್ಣ ಕೆಲಸಕ್ಕೂ ಧಾರವಾಡಕ್ಕೆ ಹೋಗುತ್ತಿದ್ದ ಶಿರಹಟ್ಟಿ, ಲಕ್ಷ್ಮೇಶ್ವರದ ಜನ ಗದಗಿಗೆ ಬರತೊಡಗಿದರು. ಇವರು ಜನರನ್ನು ಒಯ್ಯುವ ಸ್ವಂತದ ಟ್ರಕ್ಸ್ ಗಾಡಿ ತಂದರು. ಸ್ಟ್ಯಾಂಡಿನ ಹೊರಗೆ ನಿಂತು ‘ಶಿರಹಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರ’ ಎಂದು ಕೂಗುವ ಇವರ ದನಿ ಬಸ್ಸಿನ ಹಾರ್ನನ್ನೂ ಮೀರುತ್ತಿತ್ತು. ಬಾಯಲ್ಲಿ ಎಲೆ, ಅಡಿಕೆ, ತಂಬಾಕು. ಮುಂದೆ ಅವೆಲ್ಲ ಹೋಗಿ ಗುಟಕಾ ಬಂತು. ‘ಇದು ಇದ್ರ ನಿದ್ದಿ ಬರೂದಿಲ್ಲ’ ಎಂಬುದು ಅವರ ಸಬೂಬು.

ನಾಲಿಗೆಯ ಅಡಿಯಲ್ಲಿ ಹುಣ್ಣಾಯಿತು. ಉಷ್ಣ ಎಂದು ಮಜ್ಜಿಗೆ ಕುಡಿದರು, ತುಪ್ಪ ಹಚ್ಚಿದರು. ಹುಣ್ಣು ದವಡೆಗೆ ಇಳಿದು, ರೊಟ್ಟಿ ಅಗಿಯಲು ಬಾರದ ಹಾಗಾದಾಗ ಹುಬ್ಬಳ್ಳಿಯ ದವಾಖಾನೆಗೆ ಹೋದೆವು. ಡಾಕ್ಟರು ಸುತ್ತುಬಳಸದೆ ಹೇಳಿದರು. ನಾಲಿಗೆಯನ್ನು ಪೂರ್ತಿ ತೆಗೆಯಬೇಕು, ಎಡಗಡೆಯ ಕೆಳದವಡೆಯ ಎಲುಬನ್ನೂ ತೆಗೆಯಬೇಕು. ತೊಡೆಯ ಮಾಂಸ ತಂದು ಬಾಯೊಳಗೆ ಹೊಲಿಯುತ್ತಾರೆ, ಆದರೆ ಅದು ನಾಲಿಗೆಯ ಹಾಗೆ ಆಡುವುದಿಲ್ಲ. ಇವರು ‘ನಾಲಿಗಿ ಹೋದ್ರ ಗಾಡಿ ಹ್ಯಾಂಗ ತುಂಬಸೂದ್ರಿ ಸಾಹೇಬ್ರ’ ಎಂದರು. ಡಾಕ್ಟರು ನನ್ನ ಮುಖ ನೋಡಿದರು. ಗಾಡಿ ಖಾಲಿ ನಿಂತರೂ ಚಿಂತೆಯಿಲ್ಲ, ಮನುಷ್ಯ ಬೇಕು ಎಂದೆ.

ಆ ಡಾಕ್ಟರು ಒಳ್ಳೆಯವರು. ನಾನು ಕನ್ನಡ ಕಲಿಸುವವಳೆಂದು ತಿಳಿದು, ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ತುಟಿಯ ಅಕ್ಷರಗಳು ಉಳಿಯುತ್ತವೆ, ಸ್ವರಗಳು ಒಂದಿಷ್ಟು ಉಳಿಯುತ್ತವೆ, ಮಿಕ್ಕದ್ದೆಲ್ಲ ನಾಲಿಗೆಯದ್ದು. ಒಂದನೇ ಇಯತ್ತೆಯ ಮಕ್ಕಳಿಗೆ ನಾನು ವರ್ಷ ವರ್ಷವೂ ಬರೆಸಿದ ವರ್ಣಮಾಲೆ ಕಣ್ಣ ಮುಂದೆ ಬಂತು. ಮೊದಲ ನಾಲ್ಕು ಸಾಲು ಒರೆಸಿ ಹಾಕಿದರೆ ಉಳಿಯುವುದು ಪ, ಫ, ಬ, ಭ, ಮ ಎಂಬ ಐದನೆಯ ಸಾಲು, ಅದರ ಕೆಳಗೆ ವ ಒಂದು. ನನ್ನ ಹೆಸರಿನಲ್ಲಿ ಆ ಸಾಲಿನದು ಒಂದಕ್ಷರವೂ ಇಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಗಾಲಿ ಮಂಚ ತಂದರು. ನನಗೊಂದು ಸಣ್ಣ ಆಸೆಯಿತ್ತು, ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಇವತ್ತಾದರೂ ಒಮ್ಮೆ ಹೆಸರು ಹಿಡಿದು ಕರೆದಾರು ಎಂದು ಕಾದಿದ್ದೆ. ಬಾಗಿಲ ಬಳಿ ಅವರು ತಲೆ ತಿರುಗಿಸಿ, ‘ಏ, ಮುಂಜಾನಿಂದ ಏನೂ ತಗೊಂಡಿಲ್ಲ ನೀ. ಹೋಗು, ಚಾ ಕುಡದ ಬಾ’ ಎಂದರು. ನಾಲಿಗೆಯಿಂದ ಅವರು ಆಡಿದ ಕೊನೆಯ ಮಾತು ಅದು. ನಾನು ಹೋಗಿ ಚಹಾ ಕುಡಿದೆ.

ಅವರನ್ನು ಮನೆಗೆ ಕರೆತಂದಾಗ ಬೇಸಿಗೆ ರಜೆ ಸುರುವಾಗಿತ್ತು. ಮಗಳನ್ನು ಮುಂಡರಗಿಯ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ. ಊಟಕ್ಕೆ ಮೂಗಿನಿಂದ ಹೊಟ್ಟೆಗೆ ಒಂದು ಸಣ್ಣ ನಳಿಗೆ, ಅದರಲ್ಲಿ ತೆಳುವಾದ ಗಂಜಿ ಬಿಡಬೇಕು. ಉಸಿರಿಗೆ ಗಂಟಲ ಕೆಳಗೆ ತೂತು ಮಾಡಿ ಲೋಹದ ಇನ್ನೊಂದು ನಳಿಗೆ ಕೂಡಿಸಿದ್ದರು. ಉಸಿರೆಲ್ಲ ಅಲ್ಲಿಂದಲೇ ಹೋಗಿ ಬರುತ್ತಿದ್ದುದರಿಂದ ಬಾಯಿಗೆ ದನಿಯೇ ಬರುತ್ತಿರಲಿಲ್ಲ. ನರಳಲೂ ಆಗುತ್ತಿರಲಿಲ್ಲ. ಗಾಯ ಮಾಯ್ದ ಮೇಲೆ ನಳಿಗೆ ತೆಗೆಯುತ್ತೇವೆ, ಆಮೇಲೆ ದನಿ ಬರುತ್ತದೆ, ಅಲ್ಲಿಯವರೆಗೆ ಜೋಪಾನ ಎಂದಿದ್ದರು. ಕಫ ಒಣಗಿ ನಳಿಗೆ ಕಟ್ಟಬಾರದು, ಅದಕ್ಕಾಗಿ ಅದರ ಬಾಯಿಗೆ ಸದಾ ಹಸಿ ಬಟ್ಟೆ ಇರಬೇಕು. ಒಳಗಿನ ನಳಿಗೆಯನ್ನು ತೆಗೆದು ತೊಳೆದು ಕೂಡಿಸುವುದನ್ನು ನರ್ಸು ನನ್ನ ಕೈಯಲ್ಲೇ ಮಾಡಿಸಿ ಕಲಿಸಿ ಕಳಿಸಿದ್ದರು. ಕರೆಯಲು ಅವರ ಮಂಚಕ್ಕೆ ಎತ್ತಿನ ಕೊರಳ ಗಂಟೆಯೊಂದನ್ನು ಕಟ್ಟಿದ್ದೆ. ಬರೆದು ಹೇಳಲೆಂದು ಪಾಟಿ ಕೊಟ್ಟರೆ, ನನ್ನನ್ನೂ ಶಾಲೆಗೆ ಹಚ್ಚಿದೆಯಾ ಎಂಬಂತೆ ನೋಡಿ ಆಚೆ ಸರಿಸಿದರು.

ಆ ದಿನ ಬಿಸಿಲು ವಿಪರೀತ. ಗಂಜಿಯ ಹಿಟ್ಟು ಮುಗಿದಿತ್ತು. ಹುರಿದ ಗೋಧಿ, ಹೆಸರುಬೇಳೆ ಡಬ್ಬಿಗೆ ತುಂಬಿಕೊಂಡು ಓಣಿಯ ತುದಿಯ ಗಿರಣಿಗೆ ಹೋದೆ. ಹಿಟ್ಟು ಸ್ವಲ್ಪ ತರಿಯಾದರೂ ಮೂಗಿನ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ನಾನೇ ನಿಂತು ಬೀಸಿಸುತ್ತಿದ್ದೆ. ಹೋಗುವಾಗ ಅವರು ಎಚ್ಚರವಿದ್ದರು, ಹಸಿ ಬಟ್ಟೆ ಹಾಕಿದ್ದೆ, ಗಂಟೆಯ ಹಗ್ಗ ಕೈಯಲ್ಲಿತ್ತು. ಅತ್ತೆ ಹೊರಗೆ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಶೇಂಗಾ ಸುಲಿಯುತ್ತಿದ್ದರು.

ಗಿರಣಿಯ ಸದ್ದು ನಿಮಗೆ ಗೊತ್ತಿರಬೇಕು. ಕಲ್ಲು ತಿರುಗತೊಡಗಿದರೆ ಪಕ್ಕದವರು ಕಿವಿಗೆ ಬಾಯಿ ಹಚ್ಚಿ ಒದರಬೇಕು. ಅಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ನನ್ನ ಮುಂದೆ ನಮ್ಮ ಪಕ್ಕದ ಮನೆಯ ಮಾಬೂಬಿ ಜೋಳದ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ನಾನು ಗೋಡೆಗೆ ಬೆನ್ನು ಕೊಟ್ಟು ಹಿಟ್ಟು ಬೀಳುವುದನ್ನು ನೋಡುತ್ತಿದ್ದೆ.

‘ಶಾರದಾ.’

ಕೂಗಿದ ದನಿಯಲ್ಲ. ಹತ್ತಿರ ಕುಳಿತು ಕರೆದ ಹಾಗೆ, ಎಡಗಿವಿಯ ಬಳಿ. ಅವರದೇ ದನಿ, ಮದುವೆಯಲ್ಲಿ ಕೇಳಿದ ದನಿ. ಶ, ರ, ದ, ಮೂರೂ ಅಕ್ಷರ ನನ್ನ ಶಾಲೆಯ ಜಾಣ ಹುಡುಗ ಓದಿದಷ್ಟು ಸ್ಪಷ್ಟ. ಇಂಥದ್ದನ್ನು ಜನ ಗಾಳಿ ಎನ್ನುತ್ತಾರೆ, ಆದರೆ ಗಾಳಿಗೆ ಉಚ್ಚಾರ ಇರುವುದಿಲ್ಲ. ನಾನು ‘ಓ’ ಅಂದೆ. ಅಂದುಬಿಟ್ಟ ಮೇಲೆ ನೆನಪಾಯಿತು, ಅವರಿಗೆ ಈಗ ನಾಲಿಗೆಯೂ ಇಲ್ಲ, ದನಿಯೂ ಇಲ್ಲ.

ನನ್ನ ತುಟಿ ಆಡಿದ್ದನ್ನು ಕಂಡ ಮಾಬೂಬಿ ಹತ್ತಿರ ಬಂದು ಕಿವಿಯಲ್ಲಿ, ‘ಯಾರಿಗೆ ಓ ಅಂದ್ರಿ ಅಕ್ಕೋರ?’ ಎಂದು ಒದರಿದಳು. ತಿರುಗಿ ನೋಡಿದೆ. ಹಿಟ್ಟು ಮೆತ್ತಿದ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಆಗ ಅತ್ತೆಯ ಕಟ್ಟಳೆ ನೆನಪಾಯಿತು. ಎರಡನೆಯ ಸಲ ಕರೆಯಲಿಲ್ಲ. ನಾನು ಕಾಯಲೂ ಇಲ್ಲ. ಡಬ್ಬಿ ಅಲ್ಲೇ ಬಿಟ್ಟು ಓಡಿದೆ. ಓಣಿಯಲ್ಲಿ ಅಕ್ಕೋರು ಓಡುವುದನ್ನು ಜನ ನಿಂತು ನೋಡಿದರು.

ಅತ್ತೆ ಕಟ್ಟೆಯ ಮೇಲೆಯೇ ಇದ್ದರು. ‘ಸಾವಕಾಶ ಹೋಗ. ಈಗರ ಮಕ್ಕೊಂಡಾನ, ಎಬ್ಬಸಬ್ಯಾಡ’ ಎಂದರು. ಒಳಗೆ ಹೋದರೆ ಅವರು ಮಂಚದಿಂದ ಅರ್ಧ ಕೆಳಗೆ ಜಾರಿದ್ದಾರೆ. ಎರಡೂ ಕೈ ಕೊರಳಲ್ಲಿ, ತುಟಿ ನೀಲಿ, ಕಣ್ಣು ಮೇಲಕ್ಕೆ ಸಿಕ್ಕಿವೆ. ಗಂಟೆಯ ಹಗ್ಗ ಮಂಚದಡಿ ಬಿದ್ದಿದೆ. ಕೊರಳ ಮೇಲೆ ನಾನು ಹಾಕಿದ್ದ ಹಸಿ ಬಟ್ಟೆ ಇಲ್ಲ, ಅದರ ಬದಲು ದಪ್ಪಗೆ ಮಡಚಿದ ಒಣ ಬಟ್ಟೆ. ಇದನ್ನೆಲ್ಲ ನೋಡಿದ್ದು ಅರೆಗಳಿಗೆ. ಬಟ್ಟೆ ಕಿತ್ತೆಸೆದು ಒಳನಳಿಗೆ ತಿರುವಿ ಎಳೆದೆ. ಅದರ ತುಂಬ ಒಣಗಿದ ಕಫ, ಗೋಂದಿನ ಹಾಗೆ. ಆದರೂ ಉಸಿರು ಬರಲಿಲ್ಲ, ಇನ್ನೂ ಒಳಗೆ ಕಟ್ಟಿತ್ತು. ಕುದಿಸಿ ಆರಿಸಿಟ್ಟ ಉಪ್ಪುನೀರನ್ನು, ನರ್ಸು ತೋರಿಸಿದಂತೆ, ಹನಿಹನಿಯಾಗಿ ಬಿಟ್ಟು ಅವರನ್ನು ಎತ್ತಿ ಹಿಡಿದೆ. ಒಮ್ಮೆಲೇ ಮೈಯೆಲ್ಲ ಅದುರಿ ಕೆಮ್ಮಿದರು. ಕಟ್ಟಿಕೊಂಡಿದ್ದು ಹಾರಿ ನನ್ನ ಕುಪ್ಪಸಕ್ಕೆ ಬಡಿಯಿತು. ಸಿಳ್ಳಿನಂಥ ಸದ್ದು ಮಾಡಿ ಉಸಿರು ಒಳಗೆ ಹೋಯಿತು. ಮತ್ತೊಂದು ಹೋಯಿತು. ನಾನು ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ.

ತಲೆ ಎತ್ತಿದರೆ ಬಾಗಿಲಲ್ಲಿ ಮಾಬೂಬಿ ನನ್ನ ಗೋಧಿ ಡಬ್ಬಿ ಹಿಡಿದು ನಿಂತಿದ್ದಳು, ಕಣ್ಣಲ್ಲಿ ನೀರು. ನನ್ನ ಹಿಂದೆಯೇ ಬಂದಿದ್ದಳಂತೆ. ಬೀಸಣಿಕೆ ತಂದು ಸಂಜೆಯವರೆಗೂ ಗಾಳಿ ಹಾಕಿದಳು, ಅವಳ ಜೋಳ ಗಿರಣಿಯಲ್ಲೇ ಉಳಿಯಿತು.

ಅವರನ್ನು ಮತ್ತೆ ಮಂಚದ ಮೇಲೆ ಮಲಗಿಸುವಷ್ಟರಲ್ಲಿ ಅತ್ತೆ ಒಳಗೆ ಬಂದು, ನೆಲದ ಮೇಲಿನ ಒಣ ಬಟ್ಟೆ ಎತ್ತಿ ಝಾಡಿಸಿದರು. ‘ಕೊಳ್ಳಾಗ ಹಸೀ ಅರಿವಿ ಇದ್ರ ಥಂಡಿ ಆಗ್ತೈತಿ ಅಂತ ನಾನ ಬದ್ಲಿ ಮಾಡಿದ್ನವ್ವಾ. ಹಗ್ಗ ಅಡ್ಡ ಬರ್ತಿತ್ತು, ಕೆಳಗ ಬಿಟ್ಟೆ’ ಎಂದರು. ಮಗನಿಗೆ ಒಳ್ಳೆಯದು ಮಾಡಿದ ಸಮಾಧಾನ ಅವರ ಮುಖದಲ್ಲಿತ್ತು. ನನ್ನ ಬಾಯಿಗೆ ಬಂದ ಮಾತು ಹೊರಬೀಳುವ ಮೊದಲು ನಮ್ಮ ಮನೆಯವರು ನನ್ನ ಮಣಿಕಟ್ಟು ಹಿಡಿದರು. ಆಗಷ್ಟೇ ಜೀವ ಬಂದ ಮನುಷ್ಯ, ಬೇಡ ಎಂದು ತಲೆಯಾಡಿಸಿದರು. ‘ಅತ್ತೀ, ಅರಿವಿ ಹಸೀನ ಇರಬೇಕಂತ ಡಾಕ್ಟರ್ ಹೇಳ್ಯಾರ್ರಿ’ ಎಂದಷ್ಟೇ ಹೇಳಿದೆ. ನಿಜ ಸಂಗತಿ ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ, ಅದಕ್ಕೆ ನನಗೆ ಸಂತೋಷವಿದೆ.

ಹೊತ್ತು ಮುಳುಗುವ ಮುಂಚೆ, ಇವರು ಸ್ವಲ್ಪ ಸುಧಾರಿಸಿದ ಮೇಲೆ, ಕೇಳಿದೆ. ‘ನನ್ನ ಕರದಿರೇನು?’

ನನಗೇ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರು. ಕೊರಳ ತೂತು ತೋರಿಸಿದರು, ಹೊಲಿದ ಬಾಯಿ ತೋರಿಸಿದರು. ಹೌದಲ್ಲ, ಹೇಗೆ ಕರೆದಾರು. ಆಮೇಲೆ ಅವರೇ ಬೆರಳು ಮಾಡಿ ನನ್ನನ್ನು ತೋರಿಸಿದರು. ತುಟಿಯ ಬಳಿ ಬೆರಳು ಬಿಡಿಸಿ, ಮಾತು ಹೊರಟಿತು ಎಂಬ ಸನ್ನೆ ಮಾಡಿದರು. ಮುಂಗೈ ತಿರುಗಿಸಿ ಹಚ್ಚೆಯ ಮೇಲೆ, ತಮ್ಮ ಹೆಸರಿನ ಮೇಲೆ, ಬೆರಳಿಟ್ಟರು.

ನನಗೆ ಅರ್ಥವಾಗಲಿಲ್ಲ. ಮತ್ತೆ ಮಾಡಿ ತೋರಿಸಿದರು. ಕಣ್ಣು ಮುಚ್ಚಿ, ಕೈಯನ್ನು ದೂರ ದೂರ ಒಯ್ದರು, ಹೊರಟಿದ್ದೆ ಎಂಬಂತೆ. ನನ್ನನ್ನು ತೋರಿಸಿದರು, ಹಚ್ಚೆ ಮುಟ್ಟಿದರು. ಕಣ್ಣು ತೆರೆದು ಕೈಯನ್ನು ಎದೆಗೆ ತಂದುಕೊಂಡರು.

‘ನಾ ಕರದ್ನಾ? ನಿಮ್ಮ ಹೆಸರ ಹಿಡದು?’

ಹೌದೆಂದರು. ಬಾಗಿಲು ತೋರಿಸಿ ಕೈಯಾಡಿಸಿದರು. ನೀನು ಒಳಗೆ ಬರುವ ಮೊದಲು ಎಂದು.

ನಾನು ಕರೆದಿರಲಿಲ್ಲ. ಓಡಿ ಬರುವಾಗ ದಾರಿಯಲ್ಲಿ ಒದರಿದೆನೇನೋ ಎಂಬ ಅನುಮಾನಕ್ಕೆ ಮಾಬೂಬಿಯನ್ನು ಕೇಳಿದೆ. ‘ನೀವು ಬಾಯಿ ಬಿಡಲೇ ಇಲ್ಲರಿ ಅಕ್ಕೋರ. ಹಲ್ಲ ಕಚಗೊಂಡ ಓಡಿದ್ರಿ, ಹಲ್ಲ ಕಚಗೊಂಡ ನಳಿಗಿ ತಗದ್ರಿ. ಅಲ್ಲಾನ ಆಣಿ’ ಎಂದಳು.

ಮುಂದೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರಿಗೂ ಹೇಳಿದೆ. ಉಸಿರು ಕಟ್ಟಿದಾಗ ಮಿದುಳಿಗೆ ಏನೇನೋ ಕೇಳಿಸುತ್ತದೆ, ಅದು ಸಹಜ ಎಂದರು. ಇವರಿಗೆ ಕೇಳಿಸಿದ್ದು ಹಾಗೆಯೇ ಇರಲಿ. ನನಗೇನಾಗಿತ್ತು? ನಾನು ಹೊಟ್ಟೆ ತುಂಬ ಉಂಡು, ಎದೆ ತುಂಬ ಉಸಿರಾಡುತ್ತ, ಗೋಧಿ ಹಿಟ್ಟಿನ ಚಿಂತೆಯಲ್ಲಿ ನಿಂತಿದ್ದೆ. ಮನಸ್ಸಿನ ಕಳವಳವೇ ದನಿಯಾಯಿತು ಎನ್ನೋಣವೆಂದರೆ, ಕಳವಳ ನನಗೆ ತಿಂಗಳಿಂದಲೂ ಇತ್ತು, ಯಾವತ್ತೂ ಹೆಸರು ಹಿಡಿದು ಕರೆದಿರಲಿಲ್ಲ. ಹೀಗೆ ಒಂದೊಂದನ್ನೇ ತೂಗಿ ನೋಡಿ ಸೋತಿದ್ದೇನೆ. ಈಗ ತೂಗುವುದನ್ನೂ ಬಿಟ್ಟಿದ್ದೇನೆ. ಡಾಕ್ಟರಿಗೆ, ಕೈ ಹಿಡಿದು ಕಲಿಸಿದ ನರ್ಸಿಗೆ, ಮಾಬೂಬಿಗೆ ಬಾಯ್ತುಂಬ ಉಪಕಾರ ಹೇಳಿದ್ದೇನೆ. ಇನ್ನೊಂದು ಉಪಕಾರ ಯಾರಿಗೆ ಹೇಳಬೇಕೋ ತಿಳಿಯದೆ ಉಳಿದಿದೆ. ಗಿರಣಿಯ ಮುಂದೆ ಹಾಯುವಾಗ ಕೈ ತಾನಾಗಿ ಎದೆಗೆ ಹೋಗುತ್ತದೆ.

ಅತ್ತೆಗೆ ಹೇಳಿದ್ದು ಬಹಳ ದಿನಗಳ ಮೇಲೆ, ಒಣ ಬಟ್ಟೆಯ ಮಾತು ಬಿಟ್ಟು, ಗಿರಣಿಯ ಮಾತಷ್ಟೇ. ಬೈಸಿಕೊಳ್ಳಲು ತಯಾರಾಗಿದ್ದೆ. ‘ಒಂದ ಸಲ ಕರದಿದ್ದಕ್ಕ ಓ ಅಂದ್ಯಾ?’ ಎಂದರು. ಹೂಂ ಎಂದೆ. ಸುಮಾರು ಹೊತ್ತು ಶೇಂಗಾ ಸುಲಿದರು. ‘ಚಲೋ ಮಾಡಿದಿ ಬಿಡು’ ಎಂದರು. ಆದರೂ ಆ ರಾತ್ರಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

ಮಳೆಗಾಲದಲ್ಲಿ ನಳಿಗೆ ತೆಗೆದರು. ತೂತು ಮುಚ್ಚಿತು, ದನಿ ಬಂತು. ತುಟಿಯ ಅಕ್ಷರಗಳು ಒಂದೊಂದೇ ಮರಳಿದವು. ಮೊದಲು ಬಂದದ್ದು ‘ಅವ್ವ’. ಅತ್ತೆ ಅದನ್ನು ಕೇಳಿ ಮಗನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು. ಗಾಡಿಯನ್ನು ಈಗ ಬೇರೆಯವರು ಕೂಗಿ ತುಂಬಿಸುತ್ತಾರೆ, ಓಡಿಸುವುದನ್ನು ಇವರು ಬಿಡಲಿಲ್ಲ. ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕಿದರು, ಮೊಮ್ಮಗನನ್ನು ಎತ್ತಿ ಆಡಿಸಿದರು. ಒಂದು ಕಡೆ ಕುಸಿದ ಅವರ ಮುಖ ನನಗೆ ಈಗ ಅವರ ಮುಖವೇ, ಹಳೆಯ ಫೋಟೋ ನೋಡಿದರೆ ಯಾರೋ ಎನಿಸುತ್ತದೆ.

ನನ್ನನ್ನು ಕರೆಯಲು ಅವರು ಹಳೆಯ ‘ಏ’ಯನ್ನೇ ಇಟ್ಟುಕೊಳ್ಳಬಹುದಿತ್ತು. ಸ್ವರ ಉಳಿದಿದೆ, ಏ ಅನ್ನಲು ಅಷ್ಟು ಕಷ್ಟವಿಲ್ಲ. ಅನ್ನುವುದಿಲ್ಲ. ‘ಆ ಅ ಆ’ ಎನ್ನುತ್ತಾರೆ. ಮನೆಗೆ ಬಂದವರು ಗಾಬರಿಯಾಗಿ, ‘ನೋವೇನರಿ ಅವರಿಗೆ?’ ಎಂದು ಕೇಳುತ್ತಾರೆ. ನೋವಲ್ಲ. ಶ, ರ, ದ ಮೂರನ್ನೂ ಹುಬ್ಬಳ್ಳಿಯಲ್ಲಿ ಬಿಟ್ಟುಬಂದ ಮೇಲೆ ಉಳಿದ ನನ್ನ ಹೆಸರು ಅದು. ಒಂದೇ ಸಲ ಕರೆಯುತ್ತಾರೆ. ನಾನು ಓ ಅನ್ನುತ್ತೇನೆ.